ಇಸ್ಪೀಟಿನ ಕೌಲು

ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಟ್ಟು ಅದು ಉಕ್ಕಿ ಬರುವವರೆಗಿನ ಹೊತ್ತು ನನ್ನದು. ಈ ಮನೆಯಲ್ಲಿ ಅಷ್ಟನ್ನು ಮಾತ್ರ ನನ್ನದು ಎಂದು ಹೇಳಬಲ್ಲೆ. ಹಾಲು ಬಿಟ್ಟು ಆಚೆ ಹೋಗುವಂತಿಲ್ಲ, ಹಾಗೆಂದು ಅದಕ್ಕೆ ನಾನು ಮಾಡಬೇಕಾದದ್ದೂ ಏನಿಲ್ಲ. ಯಾರಾದರೂ ಕರೆದರೆ "ಹಾಲು ಇಟ್ಟೀನಿ" ಎಂದರೆ ಸಾಕು, ಮುಂದಿನ ಪ್ರಶ್ನೆ ಬರುವುದಿಲ್ಲ. ಆ ಹೊತ್ತಿನಲ್ಲಿ ಚಹಾಪುಡಿ ಡಬ್ಬಿಯ ಹಿಂದಿನಿಂದ ಕಾರ್ಡುಗಳ ಪೆಟ್ಟಿಗೆ ತೆಗೆದು, ಕಲೆಸಿ, ಒಂದನ್ನು ಎತ್ತಿ ಕಟ್ಟೆಯ ಮೇಲಿಟ್ಟು ನೋಡುವುದು ನನಗೆ ರೂಢಿಯಾಗಿತ್ತು.

ಆ ಪೆಟ್ಟಿಗೆ ನಾನು ಕೊಂಡದ್ದಲ್ಲ. ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಹುಡುಗಿಯದು. ಮೈಸೂರು ಕಡೆಯವಳು, ನೆಹರು ನಗರದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿ ನಮ್ಮ ಅಡುಗೆಮನೆಗೇ ಬಂದು ಬಿಸಿ ರೊಟ್ಟಿ ತಿನ್ನುತ್ತ ಈ ಚಿತ್ರದ ಕಾರ್ಡುಗಳನ್ನು ಮುಂದೆ ಹರಡಿಕೊಂಡು ಕೂರುತ್ತಿದ್ದಳು. ಟ್ಯಾರೋ ಎನ್ನುತ್ತಾರಂತೆ. ಹೆಣ ಕೊಯ್ದು ಕಲಿಯುವ ಹುಡುಗಿಗೆ ಇದೆಂಥ ಹುಚ್ಚು ಎಂದು ನನಗೆ ನಗು. ಓದು ಮುಗಿಸಿ ಹೊರಟ ದಿನ ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟಳು.

"ಆಂಟಿ, ನಾಳೆ ಏನಾಗುತ್ತೆ ಅಂತ ಇದನ್ನ ಕೇಳಬೇಡಿ. ಅದು ಇದಕ್ಕೂ ಗೊತ್ತಿಲ್ಲ. ದಿನಕ್ಕೆ ಒಂದೇ ಒಂದು ತೆಗೀರಿ. ಇವತ್ತು ನಾನು ಹೇಗಿದ್ದೀನಿ ಅಂತ ನಿಮ್ಮನ್ನೇ ಕೇಳ್ಕೊಳ್ಳಿ, ಸಾಕು."

"ಹೆಂಗಿರತೀನಿ ಅವ್ವಾ? ನಿನ್ನೆ ಇದ್ದಂಗ ಇರತೀನಿ."

"ಅದನ್ನೇ ಅಲ್ವಾ ನೋಡ್ಬೇಕಾಗಿರೋದು," ಎಂದು ನಕ್ಕು ಆಟೋ ಹತ್ತಿದಳು.

ಅವಳು ಹೋದ ಮಳೆಗಾಲದಲ್ಲೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆಗೆ ಉಕ್ಕಿನ ಸಳಿ ಹಾಕಿದರು, ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆಯುವಂತಾದರು. ಆದರೆ ನನ್ನ ಕೈ ಬಿಟ್ಟು ಬೇರೆ ಕೈ ಅವರಿಗೆ ಆಗಿಬರಲಿಲ್ಲ. ಸ್ನಾನ ಮಾಡಿಸಲೆಂದು ಒಬ್ಬಳನ್ನು ಗೊತ್ತು ಮಾಡಿದ್ದೆವು. ಅವಳು ಮೊದಲ ತಂಬಿಗೆ ನೀರು ಹಾಕಿದ್ದೇ ತಡ, ಅತ್ತೆ ಆ ತಂಬಿಗೆಯನ್ನೇ ಕಸಿದು ಬಾಗಿಲಾಚೆ ಎಸೆದರು. ಅವಳು ತನ್ನ ಒದ್ದೆ ಸೀರೆಯಲ್ಲೇ ಹೋದವಳು ಮತ್ತೆ ಬರಲಿಲ್ಲ.

ಅಂದಿನಿಂದ ಅವರ ದಿನವೇ ನನ್ನ ದಿನ. ಎಬ್ಬಿಸುವುದು, ಎಣ್ಣೆ ತಿಕ್ಕುವುದು, ಸ್ನಾನ, ಹಾಲಲ್ಲಿ ನೆನೆಸಿದ ರೊಟ್ಟಿ, ಗುಳಿಗೆ, ಮತ್ತೆ ಮಲಗಿಸುವುದು. ಮಧ್ಯಾಹ್ನ ಅವರು ನಿದ್ದೆ ಹೋಗುವುದು ಅಡುಗೆಮನೆಯಲ್ಲಿ ನನ್ನ ಪಾತ್ರೆಯ ಸದ್ದು ಕೇಳುತ್ತಿದ್ದರೆ ಮಾತ್ರ. ಸದ್ದು ನಿಂತಿತೋ, ಕಣ್ಣು ಬಿಟ್ಟು "ಎಲ್ಲಿ ಹೋದಿ?" ಎನ್ನುತ್ತಿದ್ದರು. ಹಾಗಾಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದದ್ದುಂಟು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗುವುದಾದರೆ ಹೇಳಿ ಹೋಗಬೇಕು, ಬಂದ ಮೇಲೆ ಬಂದೆ ಎಂದು ಹೇಳಬೇಕು. ಮಾಳಿಗೆಯಿಂದ ಪೇಟೆ ಕಾಣುತ್ತದೆ. ಬೆಲ್ಲದ ಪೆಂಟೆ ಇಳಿಸುವವರು, ಕೈಗಾಡಿ ನೂಕುವವರು, ಯಾರೊಡನೆಯೋ ಜಗಳಾಡುತ್ತ ಹೋಗುವವರು. ಜಗಳಾಡುವವರ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅವರು ಎಲ್ಲಿಗೋ ಹೊರಟಿದ್ದಾರಲ್ಲ ಎಂದು.

ಆಗಲೇ ಪೆಟ್ಟಿಗೆ ನೆನಪಾದದ್ದು. ಜೊತೆಗೊಂದು ಸಣ್ಣ ಇಂಗ್ಲಿಷ್ ಪುಸ್ತಕವಿತ್ತು. ಕನ್ನಡಕ ಹುಡುಕಿ ಒಂದು ಸಾಲು ಓದುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು, ಹಾಗಾಗಿ ಅದನ್ನು ಬಿಟ್ಟೆ. ಚಿತ್ರವನ್ನೇ ನೋಡಿದೆ. ಒಂದು ದಿನ ಹೆಂಗಸೊಬ್ಬಳು ಸಿಂಹದ ಬಾಯಿಯನ್ನು ಮೆಲ್ಲಗೆ ಹಿಡಿದುಕೊಂಡಿರುವ ಚಿತ್ರ ಬಂತು. ಬಿಡಿಸುತ್ತಿದ್ದಾಳೋ ಮುಚ್ಚುತ್ತಿದ್ದಾಳೋ ತಿಳಿಯದು. ಗುಳಿಗೆ ನುಂಗಿಸುವಾಗ ಅತ್ತೆಯ ಗದ್ದದ ಮೇಲೆ ನನ್ನ ಕೈ ಹೀಗೇ ಇರುತ್ತದಲ್ಲ ಎನಿಸಿತು. ಆ ದಿನ ಗುಳಿಗೆ ಕೊಡುವಾಗ ನನ್ನ ಬೆರಳುಗಳನ್ನು ನಾನೇ ನೋಡಿದೆ. ಬಿಗಿಯಾಗಿ ಹಿಡಿದಿದ್ದವು, ಸಡಿಲ ಮಾಡಿದೆ. ಕಾರ್ಡು ನನಗೆ ಹೊಸದೇನನ್ನೂ ಹೇಳುತ್ತಿರಲಿಲ್ಲ. ಯಾರೋ "ಹೆಂಗದೀ?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ನಿಂತಂತೆ ಆಗುತ್ತಿತ್ತು, ಅಷ್ಟೆ. ಮನೆಯಲ್ಲಿ ಆ ಪ್ರಶ್ನೆ ಅತ್ತೆಗೆ ಮಾತ್ರ ಬರುತ್ತಿತ್ತು. ಫೋನಿನಲ್ಲಿ, ಬಾಗಿಲಲ್ಲಿ, ಎಲ್ಲರಿಂದಲೂ.

ಅದೂ ಬಹಳ ದಿನ ನನ್ನೊಬ್ಬಳದಾಗಿ ಉಳಿಯಲಿಲ್ಲ. ಒಂದು ಮುಂಜಾನೆ ಅತ್ತೆ ವಾಕರ್ ಊರಿಕೊಂಡು ಸದ್ದಿಲ್ಲದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಏನ ಅದು? ಇಸ್ಪೀಟ್ ಆಡತಿ? ಯಾರ ಜೋಡಿ?"

"ಒಬ್ಬಾಕಿನ ರೀ."

"ಒಬ್ಬಾಕಿನ ಆಡಿದ್ರ ಸೋಲೋರ್ ಯಾರು? ತಾ ಇಲ್ಲೆ, ನಾನೂ ನೋಡತೀನಿ."

ಅಂದಿನಿಂದ ಕಾರ್ಡು ತೆಗೆಯುವುದು ಅವರ ಮಂಚದ ಮೇಲಾಯಿತು. ಅವರು ದಿಂಬಿಗೊರಗಿ ಆ ಕಡೆ, ನಾನು ಕಾಲ ಬದಿಯಲ್ಲಿ ಈ ಕಡೆ, ನಡುವೆ ಕೌದಿ. ಅವರ ನೋಟವೇ ಬೇರೆ. ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ತೂಗುವ ಮನುಷ್ಯ ಬಂದರೆ, "ಇವನಿಗೂ ಕಾಲಿಂದ ವ್ಯಾಯಾಮ ಹೇಳ್ಯಾರ" ಎನ್ನುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೆ ಹಗ್ಗ ಸುತ್ತಿ, ಸುತ್ತಲೂ ಕತ್ತಿ ನೆಟ್ಟ ಹೆಂಗಸು ಬಂದ ದಿನ ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ಅತ್ತೆ ಬಗ್ಗಿ ನೋಡಿ ಹೇಳಿದರು:

"ಕಾಲ ಕಟ್ಟಿಲ್ಲಲ್ಲ ಇಕಿದು. ನಡದ ಹೋಗಲಿ. ಯಾರ್ ಬ್ಯಾಡಂದಾರ?"

ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಬಚ್ಚಲಿನ ಒಲೆಗೆ ಉರಿ ಮಾಡಲು ಹೋದೆ.

ಪಕ್ಕದ ಮುಸ್ಲಿಂ ಮನೆಯ ಖಾಲಾ ಕೂಡ ಆ ಹೊತ್ತಿಗೆ ಬರತೊಡಗಿದರು. ಅತ್ತೆಯ ಓರಗೆಯವರು, ಅತ್ತೆಗೆ ಬಹಳ ವರ್ಷಗಳ ಗೆಳತಿ. ಬಂದವರು ಮಂಚಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರುತ್ತಿದ್ದರು.

"ನಮ್ಮೊಳಗ ಇಂಥಾವೆಲ್ಲಾ ನೋಡಬಾರದ್ರಿ. ನಾ ನೋಡಂಗಿಲ್ಲ. ನೀವ್ ನೋಡಿ ಏನ್ ಬಂತಂತ ಹೇಳ್ರಿ, ಅಷ್ಟ."

"ನೋಡಬಾರದು, ಕೇಳಬಹುದೇನ?" ಎಂದು ಅತ್ತೆ ಚುಚ್ಚುವರು.

"ಕಿವಿ ಏನ್ ಪಾಪ ಮಾಡೈತ್ರಿ ಅಕ್ಕಾ."

ಇಬ್ಬರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಸ್ವಲ್ಪ ದಿನಗಳಲ್ಲಿ ಆ ಕಾರ್ಡು ಮನೆಯ ಯಜಮಾನಿಕೆ ಮಾಡತೊಡಗಿತು. ಗೋಪುರಕ್ಕೆ ಸಿಡಿಲು ಬಡಿದು ಜನ ಕೆಳಗೆ ಬೀಳುವ ಚಿತ್ರ ಬಂದ ದಿನ ನನ್ನ ಯಜಮಾನರು ಸ್ಕೂಟರ್ ತೆಗೆಯುವಂತಿಲ್ಲ. ಅವರು ಬೂಟು ಹಾಕಿಕೊಳ್ಳುತ್ತ, "ಸಾಹೇಬ್ರಿಗೆ ಏನ್ ಹೇಳ್ಲಿ? ಅವ್ವನ ಇಸ್ಪೀಟಿನ್ಯಾಗ ಗೋಪುರ ಬಿದ್ದದ, ತಡಾ ಆತು ಅನ್ಲ್ಯಾ?" ಎಂದರೂ ಬಸ್ಸಿಗೇ ಹೋಗುತ್ತಿದ್ದರು. ಚಂದ್ರನ ಚಿತ್ರ ಬಂದ ದಿನ ನಾನು ಸಂಜೆ ಬಾಜಿಪಲ್ಲೆ ತರಲೂ ಹೊರಗೆ ಹೋಗುವಂತಿಲ್ಲ. ನಾನು ನನಗೊಂದು ಕಿಟಕಿ ಎಂದು ತೆರೆದುಕೊಂಡ ಕಾರ್ಡಿಗೇ ಅತ್ತೆ ಚಿಲಕ ಹಾಕಿಬಿಟ್ಟಿದ್ದರು, ಹಾಕಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಇದು ಯಾಕೆ ಹೀಗಾಯಿತು ಎಂಬುದು ಗುಂಜಿಯವರಿಗಾದರೆ ಹೇಳುವುದೇ ಬೇಕಾಗಿಲ್ಲ. ಗುಂಜಿ ಅತ್ತೆಯ ತವರು. ಖಾನಾಪುರ ದಾಟಿದ ಮೇಲೆ ರೈಲಿನ ಎರಡೂ ಬದಿಗೆ ಕಾಡು ಹತ್ತಿರ ಬರುತ್ತದೆ, ಆಮೇಲೆ ಆ ಸಣ್ಣ ಸ್ಟೇಶನ್ನು. ಅಲ್ಲಿ ಕಾಡಂಚಿನ ದೇವಿಯ ಮುಂದೆ ಕೌಲು ಕೇಳುತ್ತಾರೆ. ಒದ್ದೆ ಹೂವಿನ ಎಸಳುಗಳನ್ನು ದೇವಿಯ ಕಲ್ಲಿನ ಎರಡೂ ಮಗ್ಗುಲಿಗೆ ಅಂಟಿಸಿ, ಪೂಜಾರಿ ಮರಾಠಿಯಲ್ಲಿ ಗಾರಾಣೆ ಹೇಳುತ್ತಾನೆ, ಎಂದರೆ ನಮ್ಮ ಅಹವಾಲನ್ನು ದೇವಿಗೆ ಮುಟ್ಟಿಸುತ್ತಾನೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಬಿದ್ದ ಮೇಲೆ ಮಾತಿಲ್ಲ.

ಮದುವೆಯಾದ ಹೊಸದರಲ್ಲಿ ನನ್ನ ನಾದಿನಿಗೆ ಬಂದ ಖಾನಾಪುರದ ಸಂಬಂಧದ ಬಗ್ಗೆ ಕೇಳಲು ಎಲ್ಲರೂ ಹೋಗಿದ್ದೆವು. ಅತ್ತೆಗೆ ಆ ಸಂಬಂಧದ ಮೇಲೆ ಸುತರಾಂ ಮನಸ್ಸಿರಲಿಲ್ಲ. ಎಸಳು ನನ್ನ ಎಡಗೈ ಕಡೆ ಬಿತ್ತು. ಸದ್ಯ, ತಪ್ಪಿತಲ್ಲ ಎಂದು ನಾನು ಉಸಿರು ಬಿಟ್ಟೆ. ನೋಡಿದರೆ ಎಲ್ಲರೂ ಕೈಮುಗಿದು ಕುಂಕುಮ ಹಚ್ಚಿಕೊಳ್ಳುತ್ತಿದ್ದಾರೆ. ಯಜಮಾನರು ಕಿವಿಯಲ್ಲಿ ಹೇಳಿದರು, "ದೇವಿ ಬಲಗೈ ನೋಡಬೇಕು, ನಿನ್ನ ಬಲಗೈ ಅಲ್ಲ." ಬೆಳಗಾವಿ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ತಿಳಿದಿರಲಿಲ್ಲ. ಅತ್ತೆ ಎದುರು ಮಾತಾಡದೆ ಮಗಳನ್ನು ಅಲ್ಲಿಗೇ ಕೊಟ್ಟರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನನಗೊಂದು ಫೋನ್ ಬಂತು. ನೆಹರು ನಗರದಲ್ಲಿ ಓದುವ ಹುಡುಗಿಯರಿಗಾಗಿ ವಸತಿಗೃಹ ನಡೆಸುವ ಹೆಂಗಸು. ಮೇಲಿನ ಖೋಲಿಯಲ್ಲಿದ್ದ ಹುಡುಗಿ ನನ್ನ ಅಡುಗೆಯ ವಿಷಯ ಅವರಿಗೆ ಹೇಳಿದ್ದಳಂತೆ. "ಅಡಿಗಿ ಮಾಡೂ ಹೆಣ್ಮಕ್ಕಳು ಅದಾರ್ರಿ. ಮ್ಯಾಲೆ ನಿಂತು ನೋಡ್ಕೊಳ್ಳಾಕ ಒಬ್ರು ಬೇಕು. ಮುಂಜಾನೆ ಬಂದು ಮಧ್ಯಾಹ್ನ ಹೋಗ್ರಿ. ಶನಿವಾರದೊಳಗ ಹೇಳ್ರಿ" ಎಂದರು.

ನಾನು ಫೋನ್ ಕೆಳಗಿಟ್ಟು ಬಹಳ ಹೊತ್ತು ಪಾತ್ರೆ ತಿಕ್ಕಿದೆ. ಕೈ ತನ್ನಷ್ಟಕ್ಕೆ ಸದ್ದು ಮಾಡುತ್ತಿತ್ತು, ಮನಸ್ಸು ಬಸ್ಸು ಹತ್ತಿತ್ತು. ಅಲ್ಲಿಯೂ ಇದೇ ರೊಟ್ಟಿ, ಇದೇ ಪಲ್ಲೆ ಎಂದು ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಮುಂಜಾನೆ ಸೀರೆ ನೆರಿಗೆ ಸರಿಮಾಡಿಕೊಂಡು ಹೋಗುವುದು, ದಣಿದು ಮನೆಗೆ ವಾಪಸು ಬರುವುದು. ಹೊರಗೆ ಹೋಗದೆ ಇದ್ದವಳಿಗೆ ಮನೆಗೆ ಬಂದೆ ಎಂಬ ಸುಖವೂ ಇರುವುದಿಲ್ಲ.

ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಬೇಡ ಎನ್ನಲಿಲ್ಲ. "ಅವ್ವ ಏನಂತಾಳ ಕೇಳು" ಎಂದರು. ಅವ್ವನಿಗೆ ಹೇಳಿದೆ. ಅತ್ತೆ ಕೌದಿಯ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತರು.

"ನನಗ ನೀರ ಎರಿಯೋರ್ ಯಾರು?"

"ಒಬ್ಬಾಕಿನ್ನ ನೋಡೂಣು ರೀ. ಒಳ್ಳೇಕಿನ್ನ."

"ನಾ ಹೂಂ ಅಂದ್ರ ನನ್ನ ಮನಸ್ಸಿಗೆ ಸುಳ್ಳು. ಬ್ಯಾಡ ಅಂದ್ರ ನಿನ್ನ ಹೊಟ್ಟಿ ಉರೀತದ. ನಾ ಹೇಳಂಗಿಲ್ಲ. ಕೌಲ್ ಕೇಳೂಣು."

"ಗುಂಜಿಗೆ ಈಗ ಹೆಂಗ ಹೋಗೂದು ರೀ, ಈ ಕಾಲ ತಗೊಂಡು?"

"ಗುಂಜಿಗೆ ಯಾಕ? ನಿನ್ನ ಇಸ್ಪೀಟ್ ಅದಾವಲ್ಲ. ನೆಟ್ಟಗ ಬಂದ್ರ ಬಲ, ಉಲ್ಟಾ ಬಂದ್ರ ಎಡ."

"ಅತ್ತಿ, ಅದು ದೇವರಲ್ಲ ರೀ. ಛಾಪಿಸಿದ ಕಾಗದ."

"ಗುಂಜಿದೂ ಕಲ್ಲ ಇತ್ತು, ಕೇಳೂತನಕ," ಎಂದರು.

ಶುಕ್ರವಾರ ಮುಂಜಾನೆ ಇಬ್ಬರದೂ ಸ್ನಾನವಾದ ಮೇಲೆ ಅತ್ತೆ ತಮ್ಮ ತಲೆದೆಸೆಯಲ್ಲಿ ದೀಪ ಹಚ್ಚಿಸಿದರು. ಕೇಳುವವಳು ನಾನಾದ್ದರಿಂದ ಕಲೆಸಿ ತೆಗೆಯಬೇಕಾದವಳೂ ನಾನೇ ಎಂದರು. ಅವರೇ ಪೂಜಾರಿಯಾಗಿ, ಕಣ್ಣು ಮುಚ್ಚಿ ಗಾರಾಣೆ ಹೇಳಿದರು. ಸೊಸೆ ಹೊರಗಿನ ಕೆಲಸಕ್ಕೆ ಹೊರಟಿದ್ದಾಳೆ, ಕಳಿಸಲೋ ಬೇಡವೋ, ನೀನೇ ತೀರಿಸು ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. ಹುಡುಗಿ ಹೇಳಿದ್ದು ನೆನಪಿತ್ತು, ನಾಳೆಯದನ್ನು ಇದರ ಹತ್ತಿರ ಕೇಳಬೇಡಿ ಎಂದು. ಆದರೂ ಕಲೆಸಿದೆ. ಒಂದು ಕಾರ್ಡು ಎಳೆದು ಕೌದಿಯ ಮೇಲಿಟ್ಟೆ.

ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಅವುಗಳಿಗೆ ಬೆನ್ನು ಮಾಡಿ, ಕೋಲೂರಿಕೊಂಡು ಗುಡ್ಡದ ಕಡೆ ಹೊರಟ ಮನುಷ್ಯ. ನನಗೆ ನೆಟ್ಟಗೆ ಕಾಣುತ್ತಿದ್ದ. ಎದುರಿಗೆ ಕೂತ ಅತ್ತೆಗೆ ಅವನೇ ತಲೆಕೆಳಗು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಕೈ ಚಾಚಿದರು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಮುಖ ಒಣಗಿದಂತಾಯಿತು. "ಆತು. ಎತ್ತಿಡು" ಎಂದರು. ಬಿದ್ದ ಕೌಲಿನ ಮಾತನ್ನು ಆಡಬಾರದು ಎಂಬುದು ಅವರದೇ ಕಟ್ಟಳೆ. ನಾನೂ ಆಡಲಿಲ್ಲ.

ಆ ಮಧ್ಯಾಹ್ನ ಅವರು ರೊಟ್ಟಿ ಮುಟ್ಟಲಿಲ್ಲ. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಿಂತೆ, "ಎಲ್ಲಿ ಹೋದಿ?" ಎಂದು ಕರೆಯಲಿಲ್ಲ. ಇಣುಕಿದರೆ ಗೋಡೆ ಕಡೆ ಮುಖ ಮಾಡಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಅವರಿಗೆ ಉಲ್ಟಾ ಕಂಡಿದೆ, ಗುಂಜಿಯಲ್ಲಿ ನನ್ನ ಕೈಯಂತೆ ಇಲ್ಲಿ ನನ್ನ ಕಣ್ಣೂ ಲೆಕ್ಕಕ್ಕಿಲ್ಲ, ಬೇಡ ಎಂದಾಗಿದೆ, ಅದನ್ನು ನನಗೆ ಬಾಯಿಬಿಟ್ಟು ಹೇಳಲಾಗದೆ ಸಂಕಟಪಡುತ್ತಿದ್ದಾರೆ ಎಂದುಕೊಂಡೆ. ನನಗೆ ನೆಟ್ಟಗೆ ಕಂಡಿತ್ತು ಎಂದು ಹಟ ಹಿಡಿಯುವ ವಯಸ್ಸೇ ಇದು? ಸಂಜೆ ಯಜಮಾನರು ಬಂದವರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಕೇಳಿದರು, "ಏನಾತು?"

"ನಿಮ್ಮ ಅವ್ವನ್ನ ಕೇಳ್ರಿ."

ಹೋಗಿ ಬಾಗಿಲಲ್ಲಿ ನಿಂತು ವಾಪಸು ಬಂದರು. "ಮಾರಿ ಸಣ್ಣ ಮಾಡ್ಕೊಂಡು ಮಲಗ್ಯಾಳ. ಈಗ ಬಿಡು. ಮುಂದ ನೋಡೂಣು."

ಮುಂದೆ ನೋಡೋಣ ಎಂಬ ಮಾತು ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ಗೊತ್ತು. ಶನಿವಾರ ಫೋನ್ ಮಾಡಿ ಆಗುವುದಿಲ್ಲ ಎಂದೆ. "ಇರ್ಲಿ ಬಿಡ್ರಿ, ಇನ್ನೊಬ್ರು ಕೇಳ್ಯಾರ, ಅವರಿಗೆ ಹೇಳತೀನಿ" ಎಂದು ಆ ಹೆಂಗಸು ಒಳ್ಳೆಯ ಮಾತಿನಲ್ಲೇ ಮುಗಿಸಿದರು. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕಡಲೆಬೇಳೆ ನೆನೆಹಾಕಿದೆ.

ಭಾನುವಾರ ನಾನು ಒಗ್ಗರಣೆ ಹಾಕುತ್ತಿರುವಾಗ ಖಾಲಾ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಗಟ್ಟಿ ಆಳು, ತೋಳಿನ ತನಕ ಬಳೆ. ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ನೀರು ಎರೆಯುವವಳು. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಬಾ, ಬಾ," ಎಂದು ಅತ್ತೆ ಎದ್ದು ಕೂತರು. "ನಾಳಿಂದ ಬರಬೇಕ ನೋಡು. ಸೊಸಿ ಹೊತ್ತ ಏರೂದ್ರಾಗ ಹೋಗತಾಳ. ನೀರ ಭಾಳ ಸುಡು ಹಾಕಬ್ಯಾಡ, ಮೊದ್ಲ ಹೇಳತೀನಿ."

"ಯಾರು ಹೋಗತಾರ ರೀ? ಎಲ್ಲಿಗೆ?" ಎಂದೆ.

"ಅಯ್ಯ, ಕೆಲಸಕ್ಕ! ಶುಕ್ರವಾರನ ಖಾಲಾಗ ಹೇಳಿ ಇಕಿನ್ನ ಹುಡಕಸೀನಿ. ನೀ ಅರಿವಿ ಒಣಹಾಕಾಕ ಮ್ಯಾಲ ಹೋದಾಗ."

"ಅತ್ತಿ, ನಾ ಫೋನ್ ಮಾಡಿ ಬ್ಯಾಡಂದೆ ರೀ. ನಿನ್ನೆ."

ಅತ್ತೆ ನನ್ನನ್ನು ನೋಡಿದರು, ಸೌಟನ್ನು ನೋಡಿದರು.

"ಯಾಕ?"

"ನಿಮಗ ಉಲ್ಟಾ ಬಂದಿತ್ತಲ್ಲ ರೀ."

"ನನಗ ಉಲ್ಟಾ ಬಂದ್ರೇನಾತು? ನಾ ಎದುರ ಕುಂತು ಗಾರಾಣೆ ಹೇಳಿದಾಕಿ ಅಷ್ಟ! ಕೇಳಿದಾಕಿ ನೀನು, ತಗದಾಕಿ ನೀನು, ನಿನಗ ನೆಟ್ಟಗ ಬಂತು. ನೋಡಾಕ ಬಂದೋರ ಕಣ್ಣಲೇ ಯಾರರ ಕೌಲ್ ಎಣಸ್ತಾರೇನ? ಇಷ್ಟ ವರ್ಷ ಆತು ನಮ್ಮ ಮನಿಗೆ ಬಂದು, ಇನ್ನೂ ಪೇಟಿಯಾಕೀನ ಉಳದಿ."

"ಮತ್ತ ಆವತ್ತ ಊಟ ಯಾಕ ಬಿಟ್ರಿ?"

ಖಾಲಾ ಕಿಟಕಿಯ ಸರಳನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

"ನೀ ಹೋಗತಿ ಅಂತ ತೀರಿದ ಮ್ಯಾಲ ರೊಟ್ಟಿ ಹೆಂಗ ಇಳೀತದ?" ಎಂದರು ಅತ್ತೆ.

ಒಳಗೆ ಒಗ್ಗರಣೆ ಸೀದ ವಾಸನೆ. ಎರೆಯುವವಳು ಸೆರಗು ಸಿಕ್ಕಿಸಿಕೊಂಡು, "ನಾ ಬರಬೇಕೋ ಬ್ಯಾಡೋ, ಒಂದ್ ಹೇಳ್ರಿ ನೀವ್ ನೀವ. ಇನ್ನೂ ಎರಡ ಕೂಸ ಕಾಯಾಕತ್ತಾವ" ಎಂದಳು.

ನಾನು ಅಲ್ಲೇ ನಿಂತು ಫೋನ್ ಮಾಡಿದೆ. ಇನ್ನೊಬ್ಬರು ಒಪ್ಪಿಕೊಂಡಿದ್ದರು, ಸೋಮವಾರದಿಂದ ಬರುತ್ತಾರಂತೆ. "ಮೊದ್ಲ ಹೇಳಿದ್ರ ನಿಮಗ ಇಡತಿದ್ದೆ ನೋಡ್ರಿ" ಎಂದರು. ಅತ್ತೆಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಆದರೆ ಎರೆಯುವವಳಿಗೆ ಹೇಳಿದ ಮಾತು ಬದಲಿಸಲಿಲ್ಲ.

"ಕೌಲ್ ಕೊಟ್ಟಾಗೇತಿ. ಹೋಗಲಿಲ್ಲಂದ್ರ ನಡಿಯಂಗಿಲ್ಲ. ಅದ ಕೆಲಸ ಇಲ್ಲಂದ್ರ ಬ್ಯಾರೆ ಎಲ್ಲಿಗರ ಹೋಗು. ಇಕಿ ನಾಳಿ ಬರತಾಳ."

ಸೋಮವಾರ ಅವಳು ಬಂದಳು. ಅತ್ತೆಯನ್ನು ಎತ್ತಿ ಹಿಡಿದ ರೀತಿಯಲ್ಲೇ ಕೆಲಸ ಗೊತ್ತಿದ್ದವಳು ಎಂದು ತಿಳಿಯಿತು. ಬಚ್ಚಲಿನ ಬಾಗಿಲು ಮುಚ್ಚಿತು. ಒಳಗೆ ನೀರಿನ ಸದ್ದು, ಅತ್ತೆಯ ಬೈಗುಳ, ಅವಳ ಮರುಬೈಗುಳ. ತಂಬಿಗೆ ಹೊರಗೆ ಬೀಳಲಿಲ್ಲ. ನಾನು ಆ ಬಾಗಿಲ ಮುಂದೆ ಕೈ ಒರೆಸಿಕೊಳ್ಳುತ್ತ ನಿಂತೆ. ಕೈ ಒಣಗಿಯೇ ಇತ್ತು.

ಅಡುಗೆ ಮುಗಿದಿತ್ತು. ಯಜಮಾನರು ಕಚೇರಿಗೆ ಹೋಗಿದ್ದರು. ಒಗೆದ ಸೀರೆ ಉಟ್ಟು, ಚೀಲ ಹಿಡಿದು, ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ಬಂದೆ. ಖಾನಾಪುರದ ನಾದಿನಿಯ ಮನೆಗೆ ಹೇಳದೆ ಕೇಳದೆ ಹೋಗುವುದು ಹೇಗೆ? ತವರಿನಲ್ಲಿ ಈಗ ಯಾರೂ ಇಲ್ಲ. ಪೇಟೆಯಲ್ಲಿ ಕೊಳ್ಳುವುದೇನೂ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದರೆ ಯಾವ ಬೋರ್ಡು ನೋಡಲಿ? ಬರುತ್ತಿದ್ದ ಕೈಗಾಡಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತೆ. ಗಾಡಿ ಹೋದ ಮೇಲೂ ಹಾಗೇ ನಿಂತಿದ್ದೆ.

ಒಳಗಿನಿಂದ ಅತ್ತೆಯ ದನಿ ಕೇಳಿತು. "ಹೋದಳೇನ?"

ಎರೆಯುವವಳು ಬೀದಿ ಬಾಗಿಲು ಸರಿಸಿ ಇಣುಕಿದಳು. "ಇಲ್ರಿ ಅಮ್ಮಾ. ಇಲ್ಲೇ ಹೊರಗ ನಿಂತಾರ."

"ಇನ್ನೂ?"